ಆಫ್ರಿಕನ್ ಅಮೆರಿಕನ್ ಇಂಗ್ಲಿಷ್ ಆಡುವ ಮಗುವಿಗೆ ಯಾವ ಭಾಷಾ ಪರೀಕ್ಷೆ?

ಅಮೆರಿಕದ ಶಾಲೆಯೊಂದಕ್ಕೆ ಸ್ಪೀಚ್ ಥೆರಪಿಸ್ಟ್ ಆಗಿ ಸೇರಿದ್ದೀರಿ. ಅಲ್ಲಿನ ಕೆಲವು ಮಕ್ಕಳು ಆಡುವುದು ಆಫ್ರಿಕನ್ ಅಮೆರಿಕನ್ ಇಂಗ್ಲಿಷ್, ಅಂದರೆ ಅನೇಕ ಕಪ್ಪು ಅಮೆರಿಕನ್ನರ ಮನೆಗಳಲ್ಲಿ ಆಡುವ, ತನ್ನದೇ ವ್ಯಾಕರಣವಿರುವ ಇಂಗ್ಲಿಷ್. ಶಾಲೆಯಲ್ಲಿರುವ, ಪಠ್ಯದ ಇಂಗ್ಲಿಷನ್ನೇ ಅಳತೆಗೋಲಾಗಿಟ್ಟ ಸಾಮಾನ್ಯ ಪರೀಕ್ಷೆ ಸಾಕಾ, ಇಂಥ ಮಕ್ಕಳನ್ನು ಗಮನದಲ್ಲಿಟ್ಟು ಮಾಡಿದ ಡೆಲ್ವ್ (DELV) ಎಂಬ ಭಾಷಾ ಪರೀಕ್ಷೆ ತರಿಸಬೇಕಾ, ಇಲ್ಲ ಮಗುವಿನ ಮಾತನ್ನೇ ರೆಕಾರ್ಡ್ ಮಾಡಿ ನೋಡಬೇಕಾ ಅಂತ ಕೇಳಿದ್ದೀರಿ.

ಮೊದಲು ನೋಡಬೇಕಾದ್ದು ಮಗುವಿಗೆ ಅನ್ಯಾಯ ಆಗುತ್ತದಾ ಅನ್ನೋದು. 'ಶಿ ವಾಕ್ಸ್' ಬದಲು 'ಶಿ ವಾಕ್' ಅನ್ನುವುದು ಅದರ ಮನೆಮಾತಿನ ವ್ಯಾಕರಣಕ್ಕೆ ಸರಿಯೇ. ಸಾಮಾನ್ಯ ಪರೀಕ್ಷೆ ಅದನ್ನು ತಪ್ಪು ಅಂತ ಎಣಿಸಬಹುದು. ಅಂಥ ಉತ್ತರಕ್ಕೂ ಅಂಕ ಕೊಟ್ಟರಾಯ್ತಲ್ವಾ? ಅಷ್ಟು ಸುಲಭವಲ್ಲ. ಭಾಷಾ ತೊಂದರೆಯಿರುವ ಮಕ್ಕಳೂ ಇದೇ 'ಸ್' ಬಿಡುತ್ತಾರೆ. ಹಾಗಾಗಿ ಸಹಾಯ ಬೇಕಾದ ಮಗು ಕೈತಪ್ಪಿ ಹೋಗಬಹುದು. ನನಗೆ ಇದೂ ಅಷ್ಟೇ ದೊಡ್ಡ ಅನ್ಯಾಯ.

ಡೆಲ್ವ್ ಈ ತೊಡಕನ್ನು ನೋಡಿಯೇ ಮಾಡಿದ್ದು. 'ಯಾರು ಏನು ತಿಂದರು' ಎಂಬಂಥ ಜೋಡಿ ಪ್ರಶ್ನೆ ಅರ್ಥವಾಗುತ್ತಾ, ಹೊಸ ಕ್ರಿಯಾಪದ ಹಿಡಿಯುತ್ತಾ, ಕತೆ ಕಟ್ಟುತ್ತಾ ಅಂತ ನೋಡುತ್ತದೆ. ಇವು ಎಲ್ಲ ಬಗೆಯ ಇಂಗ್ಲಿಷಿಗೂ ಸಮಾನ. ಆದರೆ 2005ರ ಪೂರ್ಣ ಪರೀಕ್ಷೆ 4ರಿಂದ 9 ವರ್ಷದವರಿಗೆ ಮಾತ್ರ.

ಸಮಯ ಜಾಸ್ತಿ ಬೇಡುವುದು ರೆಕಾರ್ಡಿಂಗ್. ಪ್ರತಿ ಮಾತನ್ನೂ ಬರೆದುಕೊಳ್ಳಬೇಕು, ಆ ಇಂಗ್ಲಿಷಿನ ನಿಯಮವೂ ಗೊತ್ತಿರಬೇಕು.

ಐದು ವರ್ಷದ ಮಗುವಾದರೆ ಡೆಲ್ವ್‌ನಿಂದ ಶುರು ಮಾಡಿ. ಹನ್ನೆರಡರವರಿಗೆ ರೆಕಾರ್ಡಿಂಗ್ ಮಾಡಿ, ಮನೆಯವರನ್ನೂ ಕೇಳಿ. ಶಾಲೆಗೆ ಅಂಕವೇ ಬೇಕು, ಕೈಯಲ್ಲಿ ಬೇರೇನೂ ಇಲ್ಲ ಅಂದರೆ ಸಾಮಾನ್ಯ ಪರೀಕ್ಷೆ ಮಾಡಿ. ಆ ಅಂಕವೊಂದನ್ನೇ ನೋಡಿ ತೀರ್ಮಾನ ಬರೆಯಬೇಡಿ.