ಪೆಟ್ರೋಲಾ, ಹೈಬ್ರಿಡ್ಡಾ, ಕರೆಂಟಾ? ಮೂರನ್ನೂ ಚಾರ್ಮಾಡಿ ಇಳಿಸಿ ನೋಡಿದೆ

ನಮ್ಮ ಹಳೇ ಹ್ಯಾಚ್‌ಬ್ಯಾಕ್‌ನಲ್ಲಿ ಐದು ಜನ ಕೂರುವುದು ಕಷ್ಟವಾಗಿತ್ತು. ಮಕ್ಕಳ ಕಾಲು ಉದ್ದವಾಗಿವೆ, ಅಮ್ಮನಿಗೆ ಮಂಡಿ ನೋವು. ಎತ್ತರದ ಗಾಡಿ ಬೇಕು, ಆಟೋಮ್ಯಾಟಿಕ್ಕೇ ಬೇಕು. ಇಷ್ಟಕ್ಕೆ ಮನೆಯಲ್ಲಿ ಎಲ್ಲರದ್ದೂ ಒಪ್ಪಿಗೆ. ಜಗಳ ಶುರುವಾದದ್ದು ಅದು ಯಾವುದರಿಂದ ಓಡಬೇಕು ಅನ್ನುವುದರಲ್ಲಿ.

ಶೋರೂಮಿನ ಟೆಸ್ಟ್ ಡ್ರೈವ್ ಅಂದರೆ ನಾಲ್ಕು ಕಿಲೋಮೀಟರ್. ಪಕ್ಕದಲ್ಲಿ ಕೂತವರು ಮಾತು ನಿಲ್ಲಿಸುವುದೇ ಇಲ್ಲ. ಸೀಟು ಮೆತ್ತಗಿದೆ ಅನ್ನೋದು ಬಿಟ್ಟರೆ ಬೇರೇನೂ ಗೊತ್ತಾಗಲ್ಲ. ಹಾಗಾಗಿ ನಾನು ಬೇರೆ ದಾರಿ ಹಿಡಿದೆ. ಷಡ್ಡಕನ ಹತ್ತಿರ ಟೊಯೋಟಾ ಹೈರೈಡರ್ ಪೆಟ್ರೋಲ್ ಆಟೋಮ್ಯಾಟಿಕ್ ಇದೆ. ಒಂದು ವಾರ ಅದನ್ನು ಇಸ್ಕೊಂಡೆ. ಅದೇ ಗಾಡಿಯ ಸ್ಟ್ರಾಂಗ್ ಹೈಬ್ರಿಡ್ಡನ್ನು, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಮೋಟಾರು, ಬ್ಯಾಟರಿಯೂ ಇರುವ, ಪ್ಲಗ್ಗಿಗೆ ಸಿಕ್ಕಿಸಬೇಕಿಲ್ಲದ ಗಾಡಿಯನ್ನು, ಬಾಡಿಗೆಗೆ ತಂದೆ. ಆಫೀಸಿನ ಗೆಳೆಯನ ಹುಂಡೈ ಕ್ರೆಟಾ ಎಲೆಕ್ಟ್ರಿಕ್, 51.4 ಕಿಲೋವ್ಯಾಟ್ ಅವರ್ (ಅಂದರೆ ಅಷ್ಟು ಯೂನಿಟ್ ಕರೆಂಟ್ ಹಿಡಿಯುವ) ಬ್ಯಾಟರಿಯದ್ದು, ಅದನ್ನೂ ಒಂದು ವಾರ ಓಡಿಸಿದೆ. ಮೂರಕ್ಕೂ ಒಂದೇ ಪರೀಕ್ಷೆ: ಬನಶಂಕರಿಯಿಂದ ವೈಟ್‌ಫೀಲ್ಡಿನ ಆಫೀಸಿಗೆ ಮೂರು ದಿನ, ಆಮೇಲೆ ಮನೆಮಂದಿಯೆಲ್ಲ ಉಜಿರೆಯ ಮಾವನ ಮನೆಗೆ. ಶಿರಾಡಿಯಲ್ಲಿ ಲಾರಿ ಸಾಲು ಜಾಸ್ತಿ ಅಂತ ನಾವು ಬೇಲೂರು, ಮೂಡಿಗೆರೆ ಮೇಲೆ ಚಾರ್ಮಾಡಿ ಹಿಡಿಯುತ್ತೇವೆ.

ಎರಡು ಆಯ್ಕೆಗಳನ್ನು ಮೊದಲೇ ಬಿಟ್ಟೆ. ಒಂದು ಸಿಎನ್‌ಜಿ. ಹೈರೈಡರ್‌ನ ಸಿಎನ್‌ಜಿಯಲ್ಲಿ ಸಿಲಿಂಡರ್ ಡಿಕ್ಕಿಯನ್ನೇ ತಿಂದುಬಿಡುತ್ತದೆ, ಗೇರೂ ಕೈಯಲ್ಲೇ ಹಾಕಬೇಕು. ಇನ್ನೊಂದು ಪ್ಲಗ್-ಇನ್ ಹೈಬ್ರಿಡ್. ಮನೆಯಲ್ಲಿ ಚಾರ್ಜ್ ಮಾಡಿಕೊಂಡು ಊರೊಳಗೆ ಕರೆಂಟಿನಲ್ಲಿ ಓಡು, ದೂರ ಹೋದಾಗ ಪೆಟ್ರೋಲ್ ಹಾಕು ಅನ್ನುವ ಜಾತಿ. ಅಮೆರಿಕದಲ್ಲಿ ಟೊಯೋಟಾ ರಾವ್4 ಆ ರೂಪದಲ್ಲಿ ಸಿಗುತ್ತದೆ, ಅದರ 2025ರ ಮಾದರಿ ಬರೀ ಬ್ಯಾಟರಿಯಲ್ಲೇ 42 ಮೈಲಿ ಓಡುತ್ತಿತ್ತು ಅನ್ನುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಬೇಕಾದದ್ದು ಅದೇ. ಇಲ್ಲಿ ನಮ್ಮ ಬಜೆಟ್‌ನಲ್ಲಿ ಅಂಥದ್ದಿಲ್ಲ.

ಪೆಟ್ರೋಲ್ ಗಾಡಿಯ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ, ಅದೇ ಅದರ ಗುಣ. ನಾಲ್ಕು ಸಿಲಿಂಡರಿನ 1.5 ಲೀಟರ್ ಎಂಜಿನ್, 103 ಪಿಎಸ್, ಆರು ಗೇರು. ಸದ್ದಿಲ್ಲದೆ ಹೋಗುತ್ತದೆ. ಡಿಕ್ಕಿ 373 ಲೀಟರ್. ಮಾವ ಕಟ್ಟಿಕೊಟ್ಟ ತೆಂಗಿನಕಾಯಿ ಮೂಟೆ, ಒಂದು ಹಲಸಿನಹಣ್ಣು, ಎರಡು ಸೂಟ್‌ಕೇಸು ಎಲ್ಲ ಹಿಡಿಸಿತು. ಆದರೆ ಸಿಲ್ಕ್ ಬೋರ್ಡಿನಲ್ಲಿ ನಿಂತರೆ ಮೈಲೇಜ್ 11ಕ್ಕೆ ಬಂತು. ಹೆದ್ದಾರಿಯಲ್ಲಿ 17. ಕಂಪನಿ ಲೆಕ್ಕದ 20.58 ಯಾವ ರಸ್ತೆಯಲ್ಲಿ ಸಿಗುತ್ತದೋ, ಆ ರಸ್ತೆಯಲ್ಲೇ ಮನೆ ಮಾಡಬೇಕು.

ಹೈಬ್ರಿಡ್ ನನ್ನ ಲೆಕ್ಕವನ್ನೇ ತಲೆಕೆಳಗು ಮಾಡಿತು. ಜಾಮ್‌ನಲ್ಲಿ ಮೈಲೇಜ್ ಬೀಳುತ್ತದೆ, ಹೈವೇಯಲ್ಲಿ ಏರುತ್ತದೆ ಅಂತ ತಾನೇ ನಾವು ಇಪ್ಪತ್ತು ವರ್ಷದಿಂದ ಕಲಿತದ್ದು? ಇದು ಉಲ್ಟಾ. ಆಫೀಸ್ ದಾರಿಯಲ್ಲಿ 23, ಹಾಸನದ ಹೆದ್ದಾರಿಯಲ್ಲಿ ನೂರರ ವೇಗದಲ್ಲಿ 20. ಕಾರಣ ಸರಳ. ಬ್ರೇಕ್ ಒತ್ತಿದಾಗಲೆಲ್ಲ ಮೋಟಾರು ಆ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತದೆ, ನಿಧಾನಕ್ಕೆ ಹೊರಡುವಾಗ ಅದರಲ್ಲೇ ಎಳೆಯುತ್ತದೆ. ಹೈವೇಯಲ್ಲಿ ಬ್ರೇಕೇ ಒತ್ತದಿದ್ದರೆ ತುಂಬೋದೆಲ್ಲಿಂದ? ಮೊದಲ ದಿನ ಸಿಗ್ನಲ್‌ನಲ್ಲಿ ಎಂಜಿನ್ ನಿಂತು ಗಾಡಿ ಸುಮ್ನೆ ಮುಂದೆ ಜರುಗಿದಾಗ ಅಮ್ಮ ಗಾಬರಿಯಾಗಿ, "ಆಫ್ ಆಯ್ತೇನೋ? ಹ್ಯಾಂಡ್‌ಬ್ರೇಕ್ ಹಾಕೋ!" ಅಂದರು.

ಆದರೆ ಘಾಟಿಯಲ್ಲಿ ಅದರ ಬಣ್ಣ ಬೇರೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿಯೋಕೆ ಶುರು ಮಾಡಿದೆವು. ಗೇರ್ ಲಿವರನ್ನು ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದಿಡುವ 'ಬಿ'ಗೆ ಎಳೆದೆ. ಮೊದಲ ಕೆಲವು ತಿರುವು ಹಾಯಾಗಿತ್ತು. ಪರದೆಯ ಮೇಲೆ ಬ್ಯಾಟರಿಯ ಕಡ್ಡಿಗಳು ಒಂದೊಂದೇ ತುಂಬಿಕೊಂಡವು. ತುಂಬಿದ್ದೇ ತಡ, ಎಂಜಿನ್ ಹುಯ್ಯಲಿಡತೊಡಗಿತು. ಕಾಲು ಆಕ್ಸಿಲರೇಟರ್ ಮೇಲಿಲ್ಲ, ಗಾಡಿ ಇಳಿಯುತ್ತಿದೆ, ಎಂಜಿನ್ ಮಾತ್ರ ಬೆಟ್ಟ ಹತ್ತುವ ಹಾಗೆ ಕಿರುಚುತ್ತಿದೆ. ಹಾಳಾಗಿದ್ದಲ್ಲ. ಬ್ಯಾಟರಿಯಲ್ಲಿ ಜಾಗವಿಲ್ಲ, ಹಾಗಾಗಿ ಇಳಿಜಾರಿನ ಶಕ್ತಿಯನ್ನು ಎಂಜಿನ್ ತಿರುಗಿಸಿ ಕಳೆಯುತ್ತದೆ, ಅಷ್ಟೆ. ಆ ಬ್ಯಾಟರಿ 0.76 ಕಿಲೋವ್ಯಾಟ್ ಅವರ್. ಮನೆಯ ಗೀಸರ್ ಇಪ್ಪತ್ತು ಚಿಲ್ಲರೆ ನಿಮಿಷ ಓಡಿದರೆ ಮುಗಿಯುವಷ್ಟು. ಅಷ್ಟು ಚಿಕ್ಕ ಡಬ್ಬಿಗೂ ಡಿಕ್ಕಿಯಲ್ಲಿ ನೂರಕ್ಕೂ ಹೆಚ್ಚು ಲೀಟರ್ ಜಾಗ ಹೋಗಿದೆ ಅನ್ನೋದು ನನ್ನ ಹೆಂಡತಿಗೆ ಇವತ್ತಿಗೂ ಜೀರ್ಣವಾಗಿಲ್ಲ. ಹತ್ತುವಾಗ ಮೂರು ಸಿಲಿಂಡರಿನ ಸದ್ದು ಒಳಗೆ ಚೆನ್ನಾಗಿಯೇ ಕೇಳುತ್ತದೆ. ಹಾಡಿನ ವಾಲ್ಯೂಮ್ ಏರಿಸಿದೆವು.

ಅದೇ ಇಳಿಜಾರಿನಲ್ಲಿ ಕ್ರೆಟಾ ಎಲೆಕ್ಟ್ರಿಕ್ ರಾಜ. ಸ್ಟಿಯರಿಂಗ್ ಹಿಂದಿನ ಪ್ಯಾಡಲ್ ಒತ್ತಿ ಹಿಡಿತ ಜಾಸ್ತಿ ಮಾಡಿಕೊಂಡರೆ ಬ್ರೇಕ್ ಮುಟ್ಟುವುದೇ ಅಪರೂಪ. ಕೊಟ್ಟಿಗೆಹಾರದಲ್ಲಿ 29 ಇದ್ದ ಚಾರ್ಜ್ ಕೆಳಗೆ ಚಾರ್ಮಾಡಿ ಮುಟ್ಟುವಾಗ 30 ಆಗಿತ್ತು. ಇಪ್ಪತ್ತು ಕಿಲೋಮೀಟರಿಗೂ ಜಾಸ್ತಿ ಓಡಿ, ಒಂದು ಪರ್ಸೆಂಟ್ ಲಾಭ! ಮಕ್ಕಳು ಕಿರುಚಿದ ರೀತಿ ನೋಡಿದರೆ ನಾವೇನೋ ಲಾಟರಿ ಗೆದ್ದಿದ್ದೆವು ಅನ್ನಬೇಕು. ಡಿಕ್ಕಿಯೂ 433 ಲೀಟರ್, ಸದ್ದಂತೂ ಇಲ್ಲವೇ ಇಲ್ಲ. ಬಿಡುಗಡೆಯ ಹೊತ್ತಿಗೆ ಇದು 473 ಕಿ.ಮೀ. ಓಡುತ್ತದೆ ಅಂದಿದ್ದರು. ಎಸಿ ಹಾಕಿಕೊಂಡು ಐದು ಜನ ಹೋದಾಗ ನನ್ನ ಲೆಕ್ಕಕ್ಕೆ ಬಂದದ್ದು 370ರ ಆಸುಪಾಸು. ಅದೇನು ಕಡಿಮೆಯಲ್ಲ.

ಪಡಿಪಾಟಲು ಶುರುವಾದದ್ದು ಉಜಿರೆಯಲ್ಲಿ. ರಾತ್ರಿ ಒಂಬತ್ತಕ್ಕೆ ಪಂಪ್‌ಸೆಟ್ಟಿನ ದಪ್ಪ ಪ್ಲಗ್ಗಿಗೆ ಚಾರ್ಜರ್ ಸಿಕ್ಕಿಸಿ ಮಲಗಿದೆವು. ಎರಡು ಗಂಟೆಗೆ ಗಾಳಿಮಳೆ, ಕರೆಂಟ್ ಹೋಯಿತು. ಬೆಳಿಗ್ಗೆ ನೋಡಿದರೆ 52. ಘಾಟಿ ಹತ್ತಿ ಮುಗಿಸುವಾಗ 35. ಹಾಸನ ಮುಟ್ಟುವಾಗ 12. ಅಲ್ಲಿ ಚಾರ್ಜಿಂಗ್ ಸ್ಟೇಷನ್ ಹುಡುಕಿ ಹೋದರೆ ಗಾಡಿಗೆ ಸಿಕ್ಕಿಸುವ ಗನ್ ಎರಡಿದ್ದವು. ಒಂದರ ಪರದೆ ಕಪ್ಪಾಗಿತ್ತು, ಇನ್ನೊಂದಕ್ಕೆ ಬೇರೆ ಗಾಡಿ ಕಚ್ಚಿಕೊಂಡಿತ್ತು. ನಲವತ್ತು ನಿಮಿಷ ಕಾದೆವು. ಆಮೇಲೆ ನಮ್ಮದು 80 ಆಗೋಕೆ ಒಂದು ಗಂಟೆ. ಮಕ್ಕಳು ಎರಡೆರಡು ಸಲ ಮಸಾಲೆ ದೋಸೆ ತಿಂದರು. ಏಳು ಗಂಟೆಯ ದಾರಿ ಅವತ್ತು ಹತ್ತು ಗಂಟೆಯಾಯಿತು. ತಪ್ಪು ಗಾಡಿಯದ್ದಲ್ಲ, ಸರಿ. ಆದರೆ ಕಾದವರು ನಾವೇ ಅಲ್ವಾ?

ದುಡ್ಡಿನ ಲೆಕ್ಕ ಹೀಗೆ. ನಾವು ವರ್ಷಕ್ಕೆ 14,000 ಕಿ.ಮೀ. ಓಡಿಸುತ್ತೇವೆ, ಅರ್ಧ ಊರೊಳಗೆ, ಅರ್ಧ ಹೊರಗೆ. ಪೆಟ್ರೋಲ್ 103 ರೂಪಾಯಿ ಅಂತ ಇಟ್ಟುಕೊಂಡರೆ ಪೆಟ್ರೋಲ್ ಗಾಡಿಗೆ 1.08 ಲಕ್ಷ, ಹೈಬ್ರಿಡ್ಡಿಗೆ 67 ಸಾವಿರ. ಕರೆಂಟಿನದಕ್ಕೆ ಮನೆಯಲ್ಲೇ ಚಾರ್ಜ್ ಮಾಡಿದರೆ 15 ಸಾವಿರದ ಒಳಗೆ ಹೊರಗೆ. ನನಗೆ ಸಿಕ್ಕ ಕೊಟೇಶನ್‌ನಲ್ಲಿ ಪೆಟ್ರೋಲಿಗಿಂತ ಹೈಬ್ರಿಡ್ ಎರಡೂವರೆ ಲಕ್ಷ ಜಾಸ್ತಿ. ಆ ದುಡ್ಡು ವಾಪಸ್ ಬರೋಕೆ ಆರು ವರ್ಷ ಬೇಕು. ವರ್ಷಕ್ಕೆ ಎಂಟು ಸಾವಿರ ಓಡಿಸುವವರು ಹೈಬ್ರಿಡ್ ಕಡೆ ತಿರುಗಿಯೂ ನೋಡಬೇಡಿ. ಹೈಬ್ರಿಡ್ಡಿಗೂ ಎಲೆಕ್ಟ್ರಿಕ್‌ಗೂ ಆನ್‌ರೋಡ್ ಬೆಲೆ ಹೆಚ್ಚುಕಡಿಮೆ ಅಲ್ಲಿಗಲ್ಲಿಗೇ ಬಂತು.

ಹಾಗಾದರೆ ಎಲೆಕ್ಟ್ರಿಕ್ಕೇ ತಗೋಬೇಕಿತ್ತಲ್ಲ? ನಮ್ಮದು ಅಪಾರ್ಟ್‌ಮೆಂಟು. ಪಾರ್ಕಿಂಗ್ ಎರಡನೇ ಬೇಸ್‌ಮೆಂಟಿನಲ್ಲಿ, ಮೀಟರ್ ಬೋರ್ಡು ಕಟ್ಟಡದ ಆ ತುದಿಯಲ್ಲಿ. ಅಲ್ಲಿಂದ ವೈರ್ ಎಳೆಯೋಕೆ ಅಸೋಸಿಯೇಷನ್ ಒಪ್ಪಿಗೆ ಬೇಕು. ಎರಡು ಮೀಟಿಂಗಲ್ಲಿ ಕೇಳಿದೆ. ಎರಡರಲ್ಲೂ ನೀರಿನ ಟ್ಯಾಂಕರ್ ವಿಷಯದಲ್ಲೇ ಹೊತ್ತು ಕಳೆಯಿತು. ಆ 15 ಸಾವಿರದ ಲೆಕ್ಕ ಮನೆಯ ಪ್ಲಗ್ ಇದ್ದವರದ್ದು. ಹೊರಗಿನ ಫಾಸ್ಟ್ ಚಾರ್ಜರ್ ನಂಬಿಕೊಂಡರೆ ದರವೂ ಜಾಸ್ತಿ, ವಾರಕ್ಕೊಂದು ಸಂಜೆ ಅಲ್ಲೇ ಕೂರಬೇಕು. ಹಾಗಾಗಿ ಹೈಬ್ರಿಡ್ ಬುಕ್ ಮಾಡಿದೆ. ತಟ್ಟೆ ಇಡ್ಲಿಯ ಬಿಡದಿಯಲ್ಲೇ ತಯಾರಾಗುವ ಗಾಡಿ. ಆದರೂ ಮನೆಗೆ ಬರೋಕೆ ವಾರಗಟ್ಟಲೆ ಹಿಡಿಯಿತು. ಹಲಸಿನಹಣ್ಣು ಈಗ ಹಿಂದಿನ ಸೀಟಿನಲ್ಲಿ ಮಕ್ಕಳ ಕಾಲ ಬಳಿ ಕೂತು ಬರುತ್ತದೆ.

ಮೈಸೂರಿನ ಅಕ್ಕ ಹೋದ ವಾರ ಫೋನ್ ಮಾಡಿ, ತನಗೂ ಹೈಬ್ರಿಡ್ಡೇ ಆಗುತ್ತಾ ಅಂತ ಕೇಳಿದಳು. ಬೇಡ, ಕರೆಂಟಿನದು ತಗೋ ಅಂದೆ. ಅವರದ್ದು ಸ್ವಂತ ಮನೆ, ಪೋರ್ಟಿಕೋದಲ್ಲೇ ಪ್ಲಗ್ ಇದೆ, ಹೋದರೆ ಬಂದರೆ ಬೆಂಗಳೂರು. ಒಂದೇ ಒಂದು ಎಚ್ಚರ ಹೇಳಿದೆ. ಈಗ ಗೃಹಜ್ಯೋತಿಯಲ್ಲಿ ಅವಳಿಗೆ ಬಿಲ್ಲೇ ಬರುವುದಿಲ್ಲ. ಮನೆಗೆ ತಿಂಗಳಿಗೆ 90 ಯೂನಿಟ್, ಗಾಡಿಗೆ 150 ಅಂದರೂ 240. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಗಾಡಿಗೆ ಅಂತಲೇ ಬೇರೆ ಮೀಟರ್ ಹಾಕಿಸು ಅಂದೆ. "ಅದೂ ಒಂದು ಖರ್ಚು" ಅಂತ ಗೊಣಗಿದಳು. ಮಾರನೇ ದಿನ ಭಾವ ಅರ್ಜಿ ಹಿಡಿದು ಅಲ್ಲಿನ ವಿದ್ಯುತ್ ಕಂಪನಿ ಸೆಸ್ಕ್‌ನ ಆಫೀಸಿಗೆ ಹೋಗಿದ್ದರಂತೆ.