ಹಿಂದಿನ ಚಕ್ರ ನೆಲ ಬಿಡದ ಸೈಕಲ್

ಫುಲ್ ಸಸ್ಪೆನ್ಷನ್ ಸೈಕಲ್, ಅಂದರೆ ಹಿಂದೆ ಮುಂದೆ ಎರಡೂ ಚಕ್ರಕ್ಕೆ ಪೆಟ್ಟು ನುಂಗುವ ವ್ಯವಸ್ಥೆ ಇರುವ ಸೈಕಲ್, ತಗೊಂಡಿದ್ದೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಬೆನ್ನುನೋವು ಕಡಿಮೆ ಆಯ್ತಾ?" ಆಗಿದೆ. ಸೊಂಟಕ್ಕೆ ಬೀಳುತ್ತಿದ್ದ ಪೆಟ್ಟು ಚೆನ್ನಾಗಿಯೇ ತಗ್ಗಿದೆ. ಆದರೆ ಅದಕ್ಕಿಂತ ಮುಖ್ಯವಾಗಿ ನನಗೆ ಕಂಡದ್ದು, ಈ ಸೈಕಲ್‌ನ ಹಿಂದಿನ ಚಕ್ರ ನೆಲ ಬಿಡುವುದಿಲ್ಲ ಎನ್ನುವುದು. ಉಳಿದ ಲಾಭಗಳೆಲ್ಲ ಅದರ ಹಿಂದೆಯೇ ಬರುತ್ತವೆ.

ನನ್ನದು 29 ಇಂಚಿನ ಚಕ್ರದ ಟ್ರೈಲ್ ಸೈಕಲ್, ಅಂದರೆ ಕಾಡು ಗುಡ್ಡದ ಒರಟು ದಾರಿಗೆ ಮಾಡಿದ್ದು. ಮುಂದಿನ ಫೋರ್ಕ್ 140 ಮಿ.ಮೀ. ಒತ್ತಿಕೊಳ್ಳುತ್ತದೆ, ಹಿಂದಿನ ಚಕ್ರ 130 ಮಿ.ಮೀ. ಮೇಲೇಳುತ್ತದೆ. ಎರಡೂ ಕಡೆ ಗಾಳಿ ತುಂಬುವ ಸಸ್ಪೆನ್ಷನ್. ಇದಕ್ಕೆ ಮುಂಚೆ ವರ್ಷಗಟ್ಟಲೆ ಹಾರ್ಡ್‌ಟೇಲ್ ಓಡಿಸಿದ್ದೇನೆ. ಅದರಲ್ಲಿ ಸಸ್ಪೆನ್ಷನ್ ಮುಂದೆ ಮಾತ್ರ, ಹಿಂದೆ ಬರೀ ಫ್ರೇಮ್.

ವ್ಯತ್ಯಾಸ ಮೊದಲು ಗೊತ್ತಾಗಿದ್ದು ಏರಿನಲ್ಲಿ. ಮರದ ಬೇರುಗಳು ಅಡ್ಡಡ್ಡ ಹಾದುಹೋಗಿರುವ ಕಡಿದಾದ ದಾರಿ. ಹಾರ್ಡ್‌ಟೇಲ್ ಆದರೆ ಹಿಂದಿನ ಚಕ್ರ ಬೇರಿಗೆ ತಗುಲಿ ಪುಟಿಯುತ್ತದೆ. ಆಗ ತುಳಿದದ್ದೆಲ್ಲ ದಂಡ. ಟೈರ್ ಗರ್ರನೆ ಸುತ್ತಿ ಸೈಕಲ್ ನಿಂತೇಬಿಡುತ್ತದೆ. ಇದರಲ್ಲಿ ಚಕ್ರ ಮಾತ್ರ ಬೇರಿನ ಮೇಲೆ ಹತ್ತಿ ಆಚೆ ಇಳಿಯುತ್ತದೆ, ಸೀಟು ಹೆಚ್ಚು ಅಲುಗುವುದಿಲ್ಲ. ಕೂತಲ್ಲೇ ಕೂತು ತುಳಿಯುತ್ತಾ ಹೋಗಬಹುದು. ಸಸ್ಪೆನ್ಷನ್ ಇದ್ದರೆ ಏರಿನಲ್ಲಿ ಶಕ್ತಿ ಸುಮ್ನೆ ಪೋಲಾಗುತ್ತೆ ಅನ್ನುವವರಿದ್ದಾರೆ. ನುಣ್ಣನೆ ರಸ್ತೆಯಲ್ಲಿ ಆ ಮಾತು ಸ್ವಲ್ಪ ನಿಜ. ಅದಕ್ಕೇ ಶಾಕ್ (ಹಿಂದಿನ ಪೆಟ್ಟು ನುಂಗುವ ಕೊಳವೆ) ಮೇಲೆ ಒಂದು ಲಿವರ್ ಕೊಟ್ಟಿದ್ದಾರೆ, ತಿರುಗಿಸಿದರೆ ಗಟ್ಟಿಯಾಗುತ್ತದೆ. ಒರಟು ಏರಿನಲ್ಲಿ ನಾನು ಅದನ್ನು ಮುಟ್ಟುವುದೇ ಇಲ್ಲ.

ಬ್ರೇಕ್ ವಿಷಯವೂ ಅಷ್ಟೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕ್ ಹಿಡಿದು ಏನು ಉಪಯೋಗ, ಅಲ್ವಾ? ಕಲ್ಲುಗಳ ಇಳಿಜಾರಿನಲ್ಲಿ ಹಿಂದಿನ ಟೈರ್ ಕಚ್ಚಿಕೊಂಡಿರುವುದರಿಂದ ಜಾರುವುದು ಕಡಿಮೆ, ತಿರುವಿನಲ್ಲಿ ಧೈರ್ಯ ಜಾಸ್ತಿ. ಇಳಿದು ಮುಗಿಸಿದ ಮೇಲೂ ಕೈಕಾಲಲ್ಲಿ ಇನ್ನೊಂದು ಸುತ್ತಿಗೆ ಆಗುವಷ್ಟು ಕಸುವು ಉಳಿದಿರುತ್ತದೆ.

ಇದು ಬೆಟ್ಟದಿಂದ ವೇಗವಾಗಿ ಇಳಿಯುವ ಡೌನ್‌ಹಿಲ್ ಹುಡುಗರಿಗೆ ಮಾತ್ರ ಅಂದುಕೊಳ್ಳಬೇಡಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸ್ವಿಟ್ಜರ್ಲೆಂಡಿನ ನಿನೊ ಶುರ್ಟರ್ ಮೌಂಟನ್ ಬೈಕ್ ಕ್ರಾಸ್ ಕಂಟ್ರಿ ಚಿನ್ನ ಗೆದ್ದದ್ದು ಫುಲ್ ಸಸ್ಪೆನ್ಷನ್ ಸೈಕಲ್ ಮೇಲೆಯೇ. ಸೈಕಲ್ ತೂಕದ ವಿಷಯದಲ್ಲಿ ಭಾರೀ ಜಿಪುಣತನ ತೋರಿಸುವ ಆಟ ಅದು, ಆದರೂ ಹೆಚ್ಚು ತೂಕದ ಈ ಬಗೆಯನ್ನೇ ಆರಿಸಿಕೊಂಡಿದ್ದರು.

ಆದರೆ ಈ ಸುಖವೆಲ್ಲ ಸಿಗುವುದು ಶಾಕ್ ನಿಮ್ಮ ತೂಕಕ್ಕೆ ಹೊಂದಿಕೊಂಡಾಗ ಮಾತ್ರ. ನನ್ನ ಸೈಕಲ್ ಕೈಗೆ ಬಂದಾಗ ಹಿಂದಿನ ಶಾಕ್ ಕಲ್ಲಿನ ಹಾಗೆ ಗಟ್ಟಿ ಇತ್ತು. ಮಾರಿದವರು ನನ್ನ ತೂಕ ಎಷ್ಟು ಅಂತ ಕೇಳಿಯೂ ಇರಲಿಲ್ಲ. ಇದು ನನಗೆ ನಿಜಕ್ಕೂ ಬೇಸರ ತಂದಿತು, ಯಾಕೆಂದರೆ ಕೆಲಸ ಹತ್ತು ನಿಮಿಷದ್ದು. ಶಾಕ್‌ನ ಹೊಳೆಯುವ ಭಾಗದ ಮೇಲೆ ಒಂದು ಸಣ್ಣ ರಬ್ಬರ್ ಉಂಗುರ ಇರುತ್ತದೆ. ಅದನ್ನು ಸೀಲ್‌ಗೆ (ಶಾಕ್ ಬಾಯಿಯ ರಬ್ಬರ್ ಅಂಚಿಗೆ) ತಾಗುವವರೆಗೆ ತಳ್ಳಿ. ಹೆಲ್ಮೆಟ್, ನೀರು, ಬ್ಯಾಗ್ ಸಮೇತ ಸೀಟಿನ ಮೇಲೆ ಮೆಲ್ಲಗೆ ಕೂತು, ಕುಲುಕದೆ ಇಳಿಯಿರಿ. ಉಂಗುರ ಎಷ್ಟು ಸರಿದಿದೆ ಅಂತ ಅಳೆಯಿರಿ. ನನ್ನ ಶಾಕ್‌ನ ಸ್ಟ್ರೋಕ್, ಅಂದರೆ ಶಾಕ್ ಪೂರ್ತಿ ಒತ್ತಿಕೊಳ್ಳುವ ದೂರ, 50 ಮಿ.ಮೀ. ಉಂಗುರ 15 ಮಿ.ಮೀ. ಸರಿದರೆ ಶೇ 30 ಸ್ಯಾಗ್ (ನಿಮ್ಮ ತೂಕಕ್ಕೆ ಶಾಕ್ ತಗ್ಗುವ ಪ್ರಮಾಣ), ನನಗೆ ಸರಿಹೋಗಿದ್ದು ಅದೇ. ಹೀಗೆ ಸ್ವಲ್ಪ ತಗ್ಗಿಯೇ ನಿಂತಿದ್ದರೆ ಗುಂಡಿ ಬಂದಾಗ ಚಕ್ರ ಕೆಳಗೂ ಚಾಚಿಕೊಳ್ಳುತ್ತದೆ. ಸ್ಯಾಗ್ ಹೊಂದಿಸುವುದು ಶಾಕ್‌ನ ಗಾಳಿ ಹೆಚ್ಚು ಕಡಿಮೆ ಮಾಡಿ. ಗಾಳಿ ಹಾಕಲು ಶಾಕ್ ಪಂಪ್ ಬೇಕೇ ಬೇಕು, ಟೈರ್ ಪಂಪ್ ಸಾಲದು. ಪಂಪ್ ಬಿಚ್ಚುವಾಗ ಉಸ್ ಎನ್ನುವುದು ಸಾಮಾನ್ಯವಾಗಿ ಪೈಪಿನೊಳಗಿನ ಗಾಳಿ, ಗಾಬರಿ ಬೇಡ. ಆಮೇಲೆ ರಿಬೌಂಡ್ ನಾಬ್ ತಿರುಗಿಸಿ ನೋಡಿ, ಒತ್ತಿಕೊಂಡ ಶಾಕ್ ಎಷ್ಟು ವೇಗವಾಗಿ ವಾಪಸ್ ಮೇಲೇಳಬೇಕು ಅನ್ನುವುದು ಅದರ ಕೈಯಲ್ಲಿದೆ. ತೀರಾ ವೇಗವಾದರೆ ಸೈಕಲ್ ಒದೆಯುತ್ತದೆ. ತೀರಾ ನಿಧಾನವಾದರೆ ಸಾಲು ಸಾಲು ಉಬ್ಬುಗಳಲ್ಲಿ ಶಾಕ್ ಮೇಲೇಳಲು ಪುರುಸೊತ್ತೇ ಸಿಗದೆ ಕೆಳಗೇ ಉಳಿಯುತ್ತದೆ.

ಕೊರತೆಗಳು ಇವೆ. ಹೆಚ್ಚುಕಮ್ಮಿ ಅದೇ ದರ್ಜೆಯ ಹಾರ್ಡ್‌ಟೇಲ್‌ಗಿಂತ ತೂಕ ಜಾಸ್ತಿ, ಹೆಗಲ ಮೇಲೆ ಹೊತ್ತಾಗ ಗೊತ್ತಾಗುತ್ತದೆ. ಹಿಂದಿನ ಕೀಲುಗಳಲ್ಲಿ ಬೇರಿಂಗ್‌ಗಳಿವೆ. ಜೋರು ಒತ್ತಡದ ನೀರು ಹೊಡೆದು ತೊಳೆದರೆ ಗ್ರೀಸ್ ಹೋಗಿ ಕಿರಗುಟ್ಟಲು ಶುರುವಾಗುತ್ತದೆ. ಬಕೆಟ್ ನೀರು, ಬ್ರಷ್ ಸಾಕು. ಶಾಕ್‌ನ ಸೀಲ್‌ಗಳಿಗೂ ಕಾಲಕಾಲಕ್ಕೆ ಸರ್ವಿಸ್ ಬೇಕು. ಕೆಲವು ಶಾಕ್‌ಗಳಿಗೆ ಗಾಳಿಯ ಭಾಗವನ್ನು 50 ಗಂಟೆ ಓಡಿಸಿದ ಮೇಲೆ ಬಿಚ್ಚಿ ನೋಡಲು ಹೇಳುತ್ತಾರೆ.

ಡಾಂಬರು ರಸ್ತೆಯಲ್ಲೇ ಓಡಾಡುವವರಿಗೆ ಇದು ಬೇಡ. ಕಡಿಮೆ ಬೆಲೆಗೆ ಸಿಗುವ, ಸಾದಾ ಸ್ಪ್ರಿಂಗ್ ಇಟ್ಟ, ಡ್ಯಾಂಪಿಂಗ್ (ಸ್ಪ್ರಿಂಗ್‌ನ ಪುಟಿತ ತಡೆಯುವ ವ್ಯವಸ್ಥೆ) ಇಲ್ಲದ ಫುಲ್ ಸಸ್ಪೆನ್ಷನ್ ಅಂತೂ ಯಾರಿಗೂ ಬೇಡ. ಅದೇ ದುಡ್ಡಿಗೆ ಒಳ್ಳೆಯ ಹಾರ್ಡ್‌ಟೇಲ್ ಬರುತ್ತದೆ. ನಿಮ್ಮ ದಾರಿಯಲ್ಲಿ ಬೇರು, ಕಲ್ಲು ಇದ್ದರೆ ಮಾತ್ರ ಇದನ್ನು ಒಮ್ಮೆ ಓಡಿಸಿ ನೋಡಿ, ಅದೂ ಸ್ಯಾಗ್ ಸರಿ ಮಾಡಿಸಿಕೊಂಡು.