ಕಿಲ್ಲಾರಿ ಭೂಕಂಪದ ನಂತರದ ಮನೆಗಳು: ಎರಡರಲ್ಲೂ ಉಂಡು ಮಲಗಿದವನ ರಿವ್ಯೂ

ಕಿಲ್ಲಾರಿ ಇರುವ ಮಹಾರಾಷ್ಟ್ರದ ಲಾತೂರು ಜಿಲ್ಲೆಯಲ್ಲಿ ನನ್ನ ಇಬ್ಬರು ಸೋದರತ್ತೆಯರಿದ್ದಾರೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿದ ಮೇಲೆ, ಸರ್ಕಾರದ ಪುನರ್ವಸತಿ ಯೋಜನೆಯಲ್ಲಿ ದೊಡ್ಡತ್ತೆಗೆ ಹೊಸ ಜಾಗದಲ್ಲಿ ಗುತ್ತಿಗೆದಾರ ಕಟ್ಟಿದ ಮನೆ ಸಿಕ್ಕಿತು, ಸಣ್ಣತ್ತೆಗೆ ಇದ್ದ ಮನೆಯನ್ನೇ ರಿಪೇರಿ ಮಾಡಿಕೊಳ್ಳಲು ದುಡ್ಡು. ಬೇಸಿಗೆ ರಜೆಯನ್ನು ಎರಡೂ ಕಡೆ ಕಳೆದಿದ್ದೇನೆ.

ದೊಡ್ಡತ್ತೆಯ ಮನೆ 250 ಚದರಡಿ. ಜಮೀನಿಲ್ಲದವರಿಗೂ ಒಂದು ಹೆಕ್ಟೇರ್ ಒಳಗಿನವರಿಗೂ ಅಷ್ಟೇ. ಏಳು ಹೆಕ್ಟೇರ್‌ವರೆಗೆ 400, ಅದಕ್ಕೂ ಮೇಲಿದ್ದರೆ 750. ಹೊಲ ನೋಡಿ ಮನೆ ಅಳೆದರು, ಒಲೆ ಮುಂದೆ ಎಷ್ಟು ಜನ ಕೂರುತ್ತಾರೆ ಅಂತಲ್ಲ. ಗಟ್ಟಿತನಕ್ಕೆ ಐದಕ್ಕೆ ಐದು. ಆದರೆ ಬೀದಿಗಳು ಗೆರೆ ಎಳೆದ ಹಾಗೆ ನೇರ, ಅಗಲ. ಹಳೇ ವಾಡೆಯ, ಅಂದರೆ ತೊಟ್ಟಿಮನೆಯಂಥ ಹಳೇ ಮನೆಯ, ಒಳಂಗಳ ಇಲ್ಲ. "ಮನಿ ಛಲೋ ಅದ, ಖರೆ ಆಕಳಾ ಎಲ್ಲಿ ಕಟ್ಟಲಿ?" ಅಂತ ಅತ್ತೆ ಕೇಳುತ್ತಿದ್ದರು. ಕೊನೆಗೆ ಮುಂದೆ ತಗಡಿನ ಚಪ್ಪರ ಹಾಕಿ, ಅರ್ಧ ಆಕಳಿಗೆ, ಅರ್ಧ ಅಡುಗೆಗೆ ಮಾಡಿಕೊಂಡರು. ವಾಸಕ್ಕೆ ಎರಡೂವರೆ.

ಸಣ್ಣತ್ತೆಯದು ದಪ್ಪ ಕಲ್ಲಿನ ಗೋಡೆ. ಆ ಕಡೆಯ ಗೋಡೆಗಳೆಲ್ಲ ಎರಡು ಪದರ, ನಡುವೆ ಮಣ್ಣು, ಚೂರುಗಲ್ಲು. ಮೇಲೆ ಮರದ ಮಾಳಿಗೆ, ಅದರ ಮೇಲೆ ಅಡಿಗಟ್ಟಲೆ ಮಣ್ಣು. ನಡುಗಿದಾಗ ಇಂಥ ಎಷ್ಟೋ ಮನೆಗಳಲ್ಲಿ ಪದರಗಳು ಬಿಟ್ಟುಕೊಂಡು ಮಾಳಿಗೆ ಮಲಗಿದ್ದವರ ಮೇಲೆಯೇ ಕುಸಿದಿತ್ತು. ಆ ಕಲ್ಲಿನ ಮೇಲೆ ಮತ್ತೆ ನಂಬಿಕೆ ಹುಟ್ಟಿಸುವುದು ಸಣ್ಣ ಮಾತಲ್ಲ. ಹಣ ಕಂತಿನಲ್ಲಿ ಬರುತ್ತಿತ್ತು, ಮೇಸ್ತ್ರಿಯನ್ನು ಗೊತ್ತು ಮಾಡುವುದು ಅತ್ತೆಯದೇ ಪಾಲು. ಊರಿಗೊಬ್ಬ ಹೆಣ್ಣುಮಗಳನ್ನು 'ಸಂವಾದ ಸಹಾಯಕ' ಅಂತ ನೇಮಿಸಿದ್ದರು. ಕಚೇರಿಯ ಕಾಗದವನ್ನು ಮನೆಮಾತಿನಲ್ಲಿ ಬಿಡಿಸಿ ಹೇಳಿದ್ದು, ಎರಡೂ ಪದರ ಬಿಗಿಯಾಗಲು ಗೋಡೆಗೆ ಆರಪಾರ ತೂತು ಕೊರೆದು ಸರಳಿಟ್ಟು ಕಾಂಕ್ರೀಟ್ ಯಾಕೆ ತುಂಬಬೇಕೆಂದು ಅತ್ತೆಗೆ ತಿಳಿಸಿದ್ದು ಆಕೆಯೇ. ಇಡೀ ಯೋಜನೆಯಲ್ಲಿ ನಾನು ಪೂರ್ತಿ ಅಂಕ ಕೊಡುವುದು ಈ ಒಂದು ಕೆಲಸಕ್ಕೆ.

ಕೊರತೆಯೂ ಇದೆ. ಮಾಳಿಗೆಯ ಮಣ್ಣು ಇಳಿಸಿದ ಮೇಲೆ ಮೇ ತಿಂಗಳಲ್ಲಿ ಒಳಗೆ ಕೂರಲಾಗದು. ಕಂತು ತಡವಾಗಿ ಒಂದು ಮಳೆಗಾಲ ತಾಡಪಾಲಿನ ಕೆಳಗೇ ಕಳೆಯಿತು. ನಾಲ್ಕು ಅಂಕ.

ಈಗಲೂ ಯಾರಾದರೂ ಬಂದರೆ ಸಣ್ಣತ್ತೆ ಚಹಾಕ್ಕೂ ಮೊದಲು ಗೋಡೆ ತೋರಿಸುತ್ತಾರೆ. ಮೇಸ್ತ್ರಿ ಎರಡು ತೂತು ಕಡಿಮೆ ಕೊರೆದಿದ್ದನಂತೆ, ಎಣಿಸಿ ಮತ್ತೆ ಕೊರೆಸಿದರಂತೆ. ಎಲ್ಲಿ ಅಂತ ಬೆರಳಿಟ್ಟು ತೋರಿಸುತ್ತಾರೆ.